ಬಾಡಿಗೆ ಮನೆಯ ಹಳೆಯ ಫ್ಯೂಸ್ ಪೆಟ್ಟಿಗೆ

ಆರೋಗ್ಯ ವಿಭಾಗದಲ್ಲಿ ಫ್ಯೂಸ್ ಪೆಟ್ಟಿಗೆಯ ಮಾತೇಕೆ ಎಂದು ಭಕ್ತಬಾಂಧವರು ಕೇಳಬಹುದು. ಆಯುರ್ವೇದವು ರೋಗಗಳನ್ನು ನಿಜ ಮತ್ತು ಆಗಂತು ಎಂದು ಎರಡಾಗಿ ನೋಡುತ್ತದೆ. ವಾತಾದಿ ದೋಷಗಳು ಕೆಟ್ಟು ಒಳಗಿನಿಂದ ಹುಟ್ಟುವುದು ನಿಜ ರೋಗ. ಪೆಟ್ಟು, ಬೆಂಕಿ, ವಿಷ, ಸಿಡಿಲು ಮೊದಲಾದ ಹೊರಗಿನ ಕಾರಣಗಳಿಂದ ಬಂದೆರಗುವುದು ಆಗಂತು ರೋಗ. ನಿಜ ರೋಗದಲ್ಲಿ ಮೊದಲು ದೋಷ ಕೆಡುತ್ತದೆ, ಅನಂತರ ನೋವು ಕಾಣಿಸುತ್ತದೆ. ಆಗಂತುವಿನಲ್ಲಿ ನೋವೇ ಮೊದಲು. ಹೀಗಾಗಿ ಅಲ್ಲಿ ವೈದ್ಯನಿಗೆ ಸಿಗುವ ಅವಕಾಶ ಬಹಳ ಕಡಿಮೆ. ಸುಶ್ರುತಾಚಾರ್ಯರು ಸೂತ್ರಸ್ಥಾನದ 12ನೆಯ ಅಧ್ಯಾಯದಲ್ಲಿ ಸುಟ್ಟಗಾಯಗಳನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಯಾಗಿ ವಿವರಿಸಿ, ಕೊನೆಗೆ ಸಿಡಿಲಿನ ಬೆಂಕಿಯಿಂದ ಬೆಂದವರ ವಿಚಾರಕ್ಕೆ ಬರುತ್ತಾರೆ. ಅಲ್ಲಿ ಅವರು ಇಡುವ ಷರತ್ತು ಒಂದೇ: ರೋಗಿ ಬದುಕಿದ್ದರೆ ಚಿಕಿತ್ಸೆ ಮಾಡಬೇಕು. ಆ ಕಾಲಕ್ಕೆ ಮನುಷ್ಯನಿಗೆ ತಿಳಿದಿದ್ದ ಸಿಡಿಲು ಆಕಾಶದ್ದು ಮಾತ್ರ. ಇಂದು ಅದನ್ನೇ ತಂತಿಯಲ್ಲಿ ಹಿಡಿದು ಬಚ್ಚಲುಮನೆಯವರೆಗೆ ತಂದುಕೊಂಡಿದ್ದೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಅಂಕಿಗಳನ್ನು ನೋಡಿದರೆ, ಇತ್ತೀಚಿನ ವರ್ಷಗಳಲ್ಲಿ ವಿದ್ಯುತ್ ಆಘಾತದಿಂದ ನಮ್ಮ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ತೋಟದ ಆದಾಯ ಒಂದಿಷ್ಟು ಕೈಯಲ್ಲಿ ಉಳಿದರೆ ಪೇಟೆಯಲ್ಲಿ ಒಂದು ನಿವೇಶನ ಕೊಂಡು, ಒಂದೇ ಗೋಡೆಗೆ ಒರಗಿದಂತೆ ನಾಲ್ಕಾರು ಮನೆಗಳ ವಠಾರ ಕಟ್ಟಿಸುವುದು ಹಿಂದಿನಿಂದ ಬಂದ ರೂಢಿ. ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆಗಳಿಗೆ ಇಂತಹ ಬಾಡಿಗೆಯ ಆದಾಯವುಂಟು. ಅವುಗಳಲ್ಲಿ ಕಾಲೇಜಿನ ಹುಡುಗರು, ವರ್ಗವಾಗಿ ಬಂದ ಶಿಕ್ಷಕರು, ಬ್ಯಾಂಕಿನ ನೌಕರರು, ಕೊಬ್ಬರಿ ಮಂಡಿಯ ಹಮಾಲರು ವಾಸವಾಗಿರುತ್ತಾರೆ. ರೋಗಿಯನ್ನು ನೋಡಲು ಇಂತಹ ಮನೆಗಳಿಗೆ ಹೋದಾಗ ಬಾಗಿಲ ಪಕ್ಕದ ಗೋಡೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ. ಬಹುತೇಕ ಕಡೆ ಕಾಣುವುದು ಒಂದೇ ನೋಟ. ಮರದ ಹಲಗೆ, ಅದರ ಮೇಲೆ ಕಬ್ಬಿಣದ ಹಳೆಯ ಮೇನ್ ಸ್ವಿಚ್, ಎರಡೋ ಮೂರೋ ಪಿಂಗಾಣಿ ಫ್ಯೂಸುಗಳು. ಒಂದು ಫ್ಯೂಸಿನ ಮೇಲುಭಾಗ ಒಡೆದುಹೋಗಿ ತಂತಿ ಹೊರಗೆ ಇಣುಕುತ್ತಿರುತ್ತದೆ. ಜೇಡರ ಬಲೆ, ಹಲ್ಲಿಯ ಮೊಟ್ಟೆ, ತೆಂಗಿನ ನಾರಿನ ಧೂಳು. ಗೋಡೆಗೆ ಮಾತ್ರ ಸುಣ್ಣಬಣ್ಣ ಹೊಸದು. ಹೊಸ ಬಾಡಿಗೆದಾರರು ಬರುವ ಮೊದಲು ಬಳಿದದ್ದು. ಹಲಗೆಗೂ ಅದೇ ಬಣ್ಣವನ್ನು ಬಳಿದಿರುವುದನ್ನು ಕಂಡಿದ್ದೇವೆ.

ಕೆಲವು ವರ್ಷಗಳ ಹಿಂದೆ ಗೃಹಿಣಿಯೊಬ್ಬರು ಎರಡೂ ಕೈ ಜುಮ್ಮೆನ್ನುತ್ತವೆ ಎಂದು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ವಾತದ ಕಷಾಯ ಬೇಕೆಂಬುದು ಅವರ ಅಪೇಕ್ಷೆ. ಸಕ್ಕರೆ ಕಾಯಿಲೆ ಇರಲಿಲ್ಲ, ಕತ್ತಿನ ನೋವೂ ಇರಲಿಲ್ಲ. ಯಾವಾಗ ಜುಮ್ಮೆನ್ನುತ್ತದೆ ಎಂದು ಕೇಳಿದೆವು. "ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ತಿರುಗಿಸೋವಾಗ ಮಾತ್ರ ಡಾಕ್ಟ್ರೇ. ಮಧ್ಯಾಹ್ನ ಏನೂ ಇರಲ್ಲ. ಮನೆ ಓನರ್ ಚಪ್ಪಲಿ ಹಾಕ್ಕೊಂಡು ತಿರುಗಿಸಿ ಅಂದ್ರು" ಎಂದರು. ಕಷಾಯ ಕೊಡದೆ, ಎಲೆಕ್ಟ್ರಿಷಿಯನ್ ಒಬ್ಬರನ್ನು ಅಂದೇ ಅವರ ಜೊತೆ ಕಳುಹಿಸಿದೆವು. ಪಕ್ಕದ ಮನೆಯವರ ಗೀಸರಿನ ಕಾಯಿಲ್ ಒಡೆದಿತ್ತು. ಎರಡೂ ಮನೆಗಳಿಗೆ ನೀರಿನ ಕಬ್ಬಿಣದ ಪೈಪು ಒಂದೇ. ಹಿಂದೆ ಆ ಪೈಪು ನೆಲದೊಳಗೆ ಹೋಗುತ್ತಿದ್ದುದರಿಂದ ಸೋರಿದ ವಿದ್ಯುತ್ತು ಭೂಮಿಗೆ ಇಳಿಯುತ್ತಿತ್ತು. ನೆಲದೊಳಗಿನ ಭಾಗ ತುಕ್ಕು ಹಿಡಿದಾಗ ಅಷ್ಟನ್ನು ತೆಗೆದು ಪ್ಲಾಸ್ಟಿಕ್ ಪೈಪು ಹಾಕಿಸಿದ್ದರು. ಅಂದಿನಿಂದ ಗೋಡೆಯ ಮೇಲಿನ ಕಬ್ಬಿಣದ ಪೈಪು, ನಲ್ಲಿ ಎಲ್ಲವೂ ಭೂಮಿಯ ಸಂಪರ್ಕ ಕಡಿದುಕೊಂಡು ನಿಂತಿದ್ದವು. ಪಕ್ಕದವರು ಗೀಸರ್ ಹಾಕಿದ ಹೊತ್ತಿಗೆ ಈ ತಾಯಿ ನಲ್ಲಿ ಮುಟ್ಟುತ್ತಿದ್ದರು.

ಜ್ವರ ಬರುವ ಮುನ್ನ ಮೈಮುರಿಯುವುದು, ಆಕಳಿಕೆ ಬರುವುದು ಇತ್ಯಾದಿ ಲಕ್ಷಣಗಳನ್ನು ನಮ್ಮ ಶಾಸ್ತ್ರ ಪೂರ್ವರೂಪ ಎನ್ನುತ್ತದೆ. ನಲ್ಲಿ ಜುಮ್ಮೆನ್ನುವುದು, ಫ್ರಿಜ್ಜಿನ ಬಾಗಿಲು ಚುರ್ರೆನ್ನುವುದು, ಮಳೆ ಬಂದಾಗ ಗೋಡೆ ಮುಟ್ಟಿದರೆ ಬೆರಳು ಹಿಂಜರಿಯುವುದು ಮನೆಗೆ ಬಂದ ರೋಗದ ಪೂರ್ವರೂಪಗಳು. ಚಪ್ಪಲಿ ಹಾಕಿಕೊಳ್ಳಿ ಎಂಬುದು ಇದಕ್ಕೆ ಚಿಕಿತ್ಸೆಯಲ್ಲ.

ಆ ಮನೆಯಲ್ಲೂ ಫ್ಯೂಸ್ ಇತ್ತಲ್ಲ, ಅದೇಕೆ ಹೋಗಲಿಲ್ಲ ಎಂದು ಯಾರಾದರೂ ಕೇಳಬೇಕಾದ ಪ್ರಶ್ನೆ. ನಮ್ಮ ಜನರಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಫ್ಯೂಸ್ ಇರುವುದು ತಂತಿಯನ್ನು ಕಾಯಲು, ಮನುಷ್ಯನನ್ನು ಕಾಯಲು ಅಲ್ಲ. ತಂತಿ ತಡೆಯುವುದಕ್ಕಿಂತ ಹೆಚ್ಚು ವಿದ್ಯುತ್ತು ಹರಿದು, ಅದು ಕಾದು, ಬೆಂಕಿ ಹತ್ತುವ ಮುನ್ನ ಕರಗಿಹೋಗುವುದಷ್ಟೇ ಅದರ ಕೆಲಸ. ಲೆಕ್ಕ ಹಾಕಿ ನೋಡೋಣ. ನಮ್ಮ ಮನೆಗಳ ವಿದ್ಯುತ್ತು 230 ವೋಲ್ಟಿನದು. 60 ವ್ಯಾಟಿನ ಹಳೆಯ ಬುರುಡೆ ಬಲ್ಬು ಉರಿಯಲು ಸುಮಾರು ಕಾಲು ಆಂಪಿಯರ್, ಅಂದರೆ 260 ಮಿಲಿ ಆಂಪಿಯರ್ ವಿದ್ಯುತ್ತು ಬೇಕು. ಮನುಷ್ಯನ ಮೈಯಲ್ಲಿ 1 ಮಿಲಿ ಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ. 10ರಿಂದ 15 ಆದಾಗ ಸ್ನಾಯುಗಳು ಸೆಟೆದು, ಹಿಡಿದದ್ದನ್ನು ಬಿಡಲು ಕೈಗೆ ಆಗುವುದಿಲ್ಲ. ಕರೆಂಟು ಎಳೆದುಕೊಳ್ಳುತ್ತದೆ ಎಂದು ನಮ್ಮವರು ಹೇಳುವುದು ಈ ಸ್ಥಿತಿಯನ್ನು. 50ರಿಂದ 100 ಮಿಲಿ ಆಂಪಿಯರ್ ಕೆಲವು ಕ್ಷಣ ಎದೆಯ ಮೂಲಕ ಹರಿದರೆ ಹೃದಯವು ಬಡಿಯುವುದನ್ನು ಬಿಟ್ಟು ಬರಿದೆ ನಡುಗತೊಡಗುತ್ತದೆ. ಒದ್ದೆ ಮೈಯ ತಡೆ ಸುಮಾರು ಸಾವಿರ ಓಮ್ ಎಂದಿಟ್ಟುಕೊಂಡರೆ, ಬಚ್ಚಲಲ್ಲಿ ನಿಂತವನ ಮೈಯಲ್ಲಿ ಹರಿಯುವುದು 230 ಮಿಲಿ ಆಂಪಿಯರ್. ಕೊಲ್ಲುವುದಕ್ಕೆ ಅದು ಬೇಕಾದುದಕ್ಕಿಂತ ಹೆಚ್ಚು. ಆದರೆ ಒಂದು ಬಲ್ಬಿನ ಪಾಲಿಗಿಂತ ಕಡಿಮೆ. 5 ಆಂಪಿಯರಿನ ಫ್ಯೂಸ್ ಇಂತಹ ಇಪ್ಪತ್ತು ಬಲ್ಬುಗಳನ್ನು ನಿರಾಯಾಸವಾಗಿ ಹೊರುತ್ತದೆ. ಮನುಷ್ಯನೊಬ್ಬ ಸಾಯುತ್ತಿರುವುದು ಅದರ ಗಮನಕ್ಕೇ ಬರುವುದಿಲ್ಲ.

ಹಳೆಯ ಫ್ಯೂಸ್ ತೆಗೆಸಿ ಎಂಸಿಬಿ ಹಾಕಿಸಿದ್ದೇವೆ, ಇನ್ನು ಭಯವಿಲ್ಲ ಎನ್ನುವವರೂ ಇದನ್ನು ಗಮನಿಸಬೇಕು. ಎಂಸಿಬಿಯೂ ಕಾಯುವುದು ತಂತಿಯನ್ನೇ. ಫ್ಯೂಸಿಗಿಂತ ಚುರುಕು, ಮತ್ತೆ ಮತ್ತೆ ತಂತಿ ಕಟ್ಟುವ ಕೆಲಸವಿಲ್ಲ, ಅಷ್ಟೇ. ಮನುಷ್ಯನನ್ನು ಕಾಯಲೆಂದೇ ಮಾಡಿದ್ದು ಆರ್‌ಸಿಸಿಬಿ ಎಂಬ ಉಪಕರಣ. ಹಳೆಯ ಎಲೆಕ್ಟ್ರಿಷಿಯನ್ನರು ಇದನ್ನು ಇಎಲ್‌ಸಿಬಿ ಎಂಬ ಹೆಸರಿನಿಂದಲೇ ಕರೆಯುವುದುಂಟು. ಮನೆಯೊಳಗೆ ಹೋದ ವಿದ್ಯುತ್ತು ಮತ್ತು ಮರಳಿ ಬಂದ ವಿದ್ಯುತ್ತು ಎರಡನ್ನೂ ಅದು ಸದಾ ತೂಗಿ ನೋಡುತ್ತಿರುತ್ತದೆ. ನಡುವೆ 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದರೆ ಯಾವುದೋ ದಾರಿಯಲ್ಲಿ, ಬಹುಶಃ ಯಾರದೋ ಮೈಯ ಮೂಲಕ, ಸೋರುತ್ತಿದೆ ಎಂದರ್ಥ. ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಸಂಪರ್ಕ ಕಡಿದುಬಿಡುತ್ತದೆ. ಮಳೆಗಾಲದಲ್ಲಿ ಇದು ಪದೇ ಪದೇ ಬೀಳುತ್ತದೆಂದು ಬೇಸತ್ತು, ಅದನ್ನು ಬಿಟ್ಟು ನೇರವಾಗಿ ತಂತಿ ಕೊಡಿಸಿಕೊಂಡವರನ್ನು ಬಲ್ಲೆವು. ಜ್ವರ ತೋರಿಸಿತೆಂದು ಥರ್ಮಾಮೀಟರನ್ನು ಬಿಸಾಡಿದ ಹಾಗೆ. ಕೆಟ್ಟಿರುವುದು ಮನೆಯ ವೈರಿಂಗು ಅಥವಾ ಯಾವುದಾದರೂ ಯಂತ್ರ. ಒಂದು ಮಿತಿಯನ್ನೂ ಹೇಳಿಬಿಡಬೇಕು. ಎರಡು ಕೈಗಳಲ್ಲಿ ಎರಡೂ ತಂತಿಗಳನ್ನು ಹಿಡಿದವನನ್ನು ಆರ್‌ಸಿಸಿಬಿಯೂ ಕಾಯಲಾರದು. ಅದರ ದೃಷ್ಟಿಯಲ್ಲಿ ಅವನೂ ಒಂದು ಬಲ್ಬೇ.

ಹಳೆಯ ಪೆಟ್ಟಿಗೆಗಳಲ್ಲಿ ಇನ್ನೂ ಒಂದು ಮೋಸವಿದೆ. ಫೇಸ್ ತಂತಿಗೆ ಒಂದು, ನ್ಯೂಟ್ರಲ್ ತಂತಿಗೆ ಒಂದು ಎಂದು ಎರಡು ಫ್ಯೂಸುಗಳನ್ನು ಹಾಕುವ ಪದ್ಧತಿ ಹಿಂದೆ ಇತ್ತು. ನ್ಯೂಟ್ರಲ್ ಫ್ಯೂಸ್ ಮೊದಲು ಕರಗಿದರೆ ದೀಪ ಆರುತ್ತದೆ. ಮನೆಯವರು ಕರೆಂಟು ಹೋಯಿತೆಂದು ತಿಳಿದು ಹೋಲ್ಡರಿಗೆ ಕೈ ಹಾಕುತ್ತಾರೆ. ತಂತಿಯಲ್ಲಿ 230 ವೋಲ್ಟು ಹಾಗೆಯೇ ಇರುತ್ತದೆ.

ಫ್ಯೂಸ್ ಕಟ್ಟುವ ತಂತಿಯ ವಿಚಾರವಂತೂ ಹೇಳತೀರದು. 5 ಆಂಪಿಯರಿಗೆ ಬೇಕಾದ ಫ್ಯೂಸ್ ತಂತಿಯ ದಪ್ಪ ಮಿಲಿಮೀಟರಿನ ಐದನೆಯ ಒಂದು ಭಾಗ, 15 ಆಂಪಿಯರಿಗೆ ಅರ್ಧ ಮಿಲಿಮೀಟರ್. ಅದು ಮನೆಯಲ್ಲಿ ಇರುವುದಿಲ್ಲ. ರಾತ್ರಿ ಎಂಟಕ್ಕೆ ಫ್ಯೂಸ್ ಹೋಗುತ್ತದೆ, ಅಂಗಡಿ ಮುಚ್ಚಿರುತ್ತದೆ, ಮರುದಿನ ಮಗನ ಪರೀಕ್ಷೆ. ಯಾವುದೋ ವೈರಿನಿಂದ ತಾಮ್ರದ ನಾಲ್ಕು ಎಳೆ ಕಿತ್ತು, ಹೊಸೆದು, ಕಟ್ಟಿಬಿಡುತ್ತಾರೆ. ಆ ಮೇಲೆ ಫ್ಯೂಸ್ ಹೋಗುವುದೇ ಇಲ್ಲ. ಎಷ್ಟು ಚೆನ್ನಾಗಿ ಕಟ್ಟಿದೆ ಎಂಬ ಹೆಮ್ಮೆ ಬೇರೆ. ಆ ಗಳಿಗೆಯಿಂದ ಇಡೀ ಮನೆಯಲ್ಲಿ ಎಲ್ಲಕ್ಕಿಂತ ದುರ್ಬಲವಾದ ಭಾಗ ಫ್ಯೂಸ್ ಅಲ್ಲ, ಗೋಡೆಯ ಮೇಲಿನ ಮರದ ಪಟ್ಟಿಯಲ್ಲಿ ಓಡುವ ಹಳೆಯ ರಬ್ಬರು ಹೊದಿಕೆಯ ತಂತಿ. ಎರಡು ಬಲ್ಬು, ಒಂದು ರೇಡಿಯೋಗೆಂದು ಎಳೆದ ತಂತಿಯ ಮೇಲೆ ಇಂದು ಗೀಸರ್, ಇಂಡಕ್ಷನ್ ಒಲೆ, ಮಿಕ್ಸಿ, ವಾಷಿಂಗ್ ಮೆಷೀನು ಎಲ್ಲವೂ ಕುಳಿತಿವೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದು, ಬಾಡಿಗೆ ಮನೆಯವರಿಗೂ 200 ಯೂನಿಟ್ಟುಗಳ ಮಿತಿಯಲ್ಲಿ ವಿದ್ಯುತ್ತು ಉಚಿತವಾದದ್ದು ಬಡ ಕುಟುಂಬಗಳಿಗೆ ನಿಜಕ್ಕೂ ಅನುಕೂಲ. ಆದರೆ ಬಿಲ್ಲು ಶೂನ್ಯವಾದ ಮಾತ್ರಕ್ಕೆ ತಂತಿಯ ಶಕ್ತಿ ಹೆಚ್ಚುವುದಿಲ್ಲ.

ನಮ್ಮ ಸೀಮೆಗೆ ವಿಶೇಷವಾದ ಅಪಾಯ ಕೊಬ್ಬರಿಯದು. ಬೇರೆ ಕಡೆ ಕಾಯಿ ಒಡೆದು ಬಿಸಿಲಿಗೆ ಹಾಕಿದರೆ, ನಾವು ಉಂಡೆ ಕೊಬ್ಬರಿಗಾಗಿ ಕಾಯನ್ನು ಅಟ್ಟಕ್ಕೇರಿಸಿ ಎಂಟು, ಹತ್ತು ತಿಂಗಳು ಬಿಡುತ್ತೇವೆ. ಹಳೆಯ ಮನೆಗಳಲ್ಲಿ ಮೇಲೆ ಅಟ್ಟ, ಕೆಳಗೆ ಬಾಡಿಗೆದಾರರು. ಒಣಗಿದ ಕೊಬ್ಬರಿಯ ತೂಕದಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಭಾಗ ಎಣ್ಣೆಯೇ. ಸುತ್ತಲೂ ಸಿಪ್ಪೆ, ನಾರು. ಆ ಅಟ್ಟದ ತೊಲೆಗೆ ಮೊಳೆ ಹೊಡೆದು ಎಳೆದ ತಂತಿ, ಇಲಿ ಕಡಿದ ಹೊದಿಕೆ, ಕೆಳಗೆ ಮರದ ಹಲಗೆಯ ಮೇಲೆ ಆಗಾಗ ಕಿಡಿ ಹಾರುವ ಪಿಂಗಾಣಿ ಫ್ಯೂಸ್. ಚಿಲಿಮೆ, ಬೀಡಿ ಸೇದುವವರನ್ನು ಅಟ್ಟದ ಬಳಿ ಸುಳಿಯಗೊಡದ ಹಿರಿಯರು ಈ ಕಿಡಿಯನ್ನು ಮಾತ್ರ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಕೊಬ್ಬರಿ ಅಟ್ಟದ ಕೆಳಗೆ ಫ್ಯೂಸ್ ಹಲಗೆ ಇರುವವರು ಬೇರೆಲ್ಲ ಕೆಲಸಕ್ಕಿಂತ ಮೊದಲು ಅದನ್ನು ಅಲ್ಲಿಂದ ತೆಗೆಸಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ತಂತಿಗೆ ಬಟ್ಟೆ ಒಣಹಾಕುವ ಅಭ್ಯಾಸವೂ ಕಡಿಮೆ ಅಪಾಯದ್ದಲ್ಲ. ಸರ್ವೀಸ್ ವೈರು ಬರುವ ಕಂಬಿಗೇ ಸರಿಗೆಯ ಒಂದು ತುದಿಯನ್ನು ಬಿಗಿದಿರುತ್ತಾರೆ. ಹಸ್ತ, ಚಿತ್ತೆ ಮಳೆಯ ಗಾಳಿಗೆ ತೆಂಗಿನ ಗರಿಯೊಂದು ಸರ್ವೀಸ್ ವೈರಿನ ಮೇಲೆ ಬಿದ್ದು ಹೊದಿಕೆ ಹರಿದರೆ ಸಾಕು, ಬೆಳಿಗ್ಗೆ ಒದ್ದೆ ಬಟ್ಟೆ ಹರವಲು ಬಂದವರ ಗತಿ ಏನು? ಸರಿಗೆಯ ಬದಲು ನೈಲಾನ್ ಹಗ್ಗ ಕಟ್ಟಲು ಖರ್ಚೆಷ್ಟು?

ಇಷ್ಟೆಲ್ಲ ಗೊತ್ತಿದ್ದೂ ಏಕೆ ಸರಿಪಡಿಸುವುದಿಲ್ಲ ಎಂದರೆ, ಬಾಡಿಗೆ ಮನೆಯ ಫ್ಯೂಸ್ ಪೆಟ್ಟಿಗೆ ಯಾರದೂ ಅಲ್ಲ. ಬಳಸುವವರು ನೀವು, ನೀವೇ ಮಾಡಿಸಿಕೊಳ್ಳಿ ಎನ್ನುತ್ತಾರೆ ಮಾಲೀಕರು. ಹನ್ನೊಂದು ತಿಂಗಳ ಕರಾರಿನ ಮೇಲೆ ಇರುವ ನಾವು ಪರರ ಗೋಡೆಗೆ ಏಕೆ ಹಣ ಸುರಿಯಬೇಕು ಎನ್ನುತ್ತಾರೆ ಬಾಡಿಗೆದಾರರು. ಕೇಂದ್ರ ಸಚಿವ ಸಂಪುಟವು 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ಈ ಜಗಳಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಒಳಗಿನ ಮತ್ತು ಹೊರಗಿನ ವೈರಿಂಗು ಮಾಲೀಕರ ಹೊಣೆ. ಸ್ವಿಚ್ಚು, ಸಾಕೆಟ್ಟುಗಳ ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು. ಅದು ಮಾದರಿ ಕಾಯಿದೆ. ರಾಜ್ಯಗಳು ತಮ್ಮದಾಗಿ ಮಾಡಿಕೊಂಡಲ್ಲಿ ಮಾತ್ರ ಕಾನೂನಾಗುತ್ತದೆ. ಆದರೆ ಕರಾರು ಪತ್ರದಲ್ಲಿ ಇದೇ ಹಂಚಿಕೆಯನ್ನು ಬರೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ನ್ಯಾಯವಾಗಿ ತೋರುವುದೂ ಅದೇ.

ಪರೀಕ್ಷೆಯ ನಿಯಮವೂ ಹೊಸದಲ್ಲ. 1956ರ ಭಾರತೀಯ ವಿದ್ಯುತ್ ನಿಯಮಾವಳಿಯ 46ನೆಯ ನಿಯಮವೇ ಗ್ರಾಹಕರ ವಿದ್ಯುತ್ ಸ್ಥಾವರಗಳನ್ನು ಐದು ವರ್ಷ ಮೀರದ ಅಂತರದಲ್ಲಿ ಪರೀಕ್ಷಿಸಬೇಕೆಂದಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಹೊರಡಿಸಿದ ಸುರಕ್ಷತಾ ನಿಯಮಗಳಲ್ಲೂ ಅದೇ ಐದು ವರ್ಷ ಮುಂದುವರಿಯಿತು. ಮೀಟರು ಕೂರಿಸಿದ ದಿನದಿಂದ ಈಚೆಗೆ ಯಾರಾದರೂ ಬಂದು ಪರೀಕ್ಷಿಸಿದ್ದಾರೆಯೇ ಎಂದು ವಠಾರಗಳಲ್ಲಿ ವಿಚಾರಿಸಿದರೆ ಜನ ನಗುತ್ತಾರೆ. ಇಂಗ್ಲೆಂಡಿನಲ್ಲಿ 2020ರ ನಿಯಮದ ಪ್ರಕಾರ ಬಾಡಿಗೆ ಮನೆಯ ಮಾಲೀಕರೇ ಕನಿಷ್ಠ ಐದು ವರ್ಷಕ್ಕೊಮ್ಮೆ ಅರ್ಹರಿಂದ ವೈರಿಂಗ್ ಪರೀಕ್ಷೆ ಮಾಡಿಸಬೇಕು. ವರದಿಯ ಪ್ರತಿಯನ್ನು 28 ದಿನಗಳೊಳಗೆ ಬಾಡಿಗೆದಾರರ ಕೈಗೆ ಕೊಡಬೇಕು. ಹೊಸದಾಗಿ ಬರುವವರಿಗಾದರೆ ಅವರು ಮನೆ ಹೊಗುವ ಮೊದಲೇ ಕೊಡಬೇಕು. ನಮ್ಮ ಸೀಮೆಯಿಂದ ಹೋಗಿ ಅಲ್ಲಿ ಬಾಡಿಗೆಗಿರುವ ಮಕ್ಕಳಿಗೆ ಆ ಕಾಗದ ಸಿಗುತ್ತದೆ. ಊರಿನಲ್ಲಿ ಅವರ ತಂದೆತಾಯಿ ಬಾಡಿಗೆಗೆ ಕೊಟ್ಟ ಮನೆಯಲ್ಲಿರುವ ಪರರ ಮಕ್ಕಳಿಗೆ ಸಿಗುವುದಿಲ್ಲ.

ಸರ್ಕಾರ ಬರಲಿ ಎಂದು ಕಾಯಬೇಕಾಗಿಲ್ಲ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರನ್ನು ಕರೆಸಿದರೆ ಒಂದು ವಠಾರವನ್ನು ಪರೀಕ್ಷಿಸಲು ಅರ್ಧ ದಿನ ಸಾಕು. ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ಮೆಗ್ಗರ್ ಹಚ್ಚಿ ನೋಡಬೇಕು, ಅರ್ಥಿಂಗ್ ಅಳೆಯಬೇಕು, ಮೂರು ಪಿನ್ನಿನ ಸಾಕೆಟ್ಟುಗಳ ಮೂರನೆಯ ರಂಧ್ರಕ್ಕೆ ನಿಜವಾಗಿಯೂ ತಂತಿ ಬಂದಿದೆಯೇ ಎಂದು ತೆರೆದು ನೋಡಬೇಕು. ಹಲವು ಮನೆಗಳಲ್ಲಿ ಬಂದಿರುವುದಿಲ್ಲ. ರಂಧ್ರ ಬರಿಯ ಅಲಂಕಾರ. 2024ರ ಸಾಲಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಇತ್ತು. ಐಎಸ್‌ಐ ಗುರುತಿನ ಆರ್‌ಸಿಸಿಬಿ ಒಂದಕ್ಕೆ ಅದರ ಕಾಲು ಭಾಗಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ವೈರಿಂಗು ಬದಲಿಸಲು ಹಣ ಹೆಚ್ಚು ಬೇಕು, ನಿಜ. ಅದನ್ನು ಮುಂದಿನ ಕೊಬ್ಬರಿ ಮಾರಾಟದವರೆಗೆ ತಡೆಯಬಹುದು, ಆರ್‌ಸಿಸಿಬಿಯನ್ನು ತಡೆಯಬಾರದು. ಕಂಬದಿಂದ ಮೀಟರಿನವರೆಗಿನ ದೋಷಗಳಿಗೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಬೇಕು. ಅಲ್ಲಿಗೆ ನಾವಾಗಲಿ, ನಾವು ಕರೆಸಿದ ಕೆಲಸಗಾರರಾಗಲಿ ಕೈ ಹಾಕಬಾರದು. ಸಂಘ ಸಂಸ್ಥೆಗಳ ವಿದ್ಯಾರ್ಥಿನಿಲಯಗಳು, ಬಾಡಿಗೆಗೆ ಕೊಟ್ಟ ಮಳಿಗೆಗಳು, ಕಲ್ಯಾಣಮಂಟಪಗಳು ಈ ವಿಷಯದಲ್ಲಿ ಮೊದಲು ನಡೆದು ತೋರಿಸಿದರೆ ಭಕ್ತರಿಗೆ ಹೇಳುವುದು ಸುಲಭವಾದೀತು.

ಇನ್ನು ಆಘಾತವಾದಾಗ ಮಾಡಬೇಕಾದ್ದು. ಮೊದಲು ಮೇನ್ ಸ್ವಿಚ್ ತೆಗೆಯಬೇಕು. ಇನ್ವರ್ಟರ್ ಇದ್ದರೆ ಅದನ್ನೂ ತೆಗೆಯಬೇಕು, ಮೇನ್ ಆರಿಸಿದರೂ ಅದು ವಿದ್ಯುತ್ತು ಕೊಡುತ್ತಲೇ ಇರುತ್ತದೆ. ಅಂಟಿಕೊಂಡವರನ್ನು ಬರಿಗೈಯಿಂದ ಎಳೆಯಬಾರದು. ತಾಯಿಯನ್ನು ಬಿಡಿಸಲು ಹೋದ ಮಗ, ಮಗನನ್ನು ಬಿಡಿಸಲು ಹೋದ ತಂದೆ ಎಂದು ಒಂದೇ ಮನೆಯಲ್ಲಿ ಇಬ್ಬರು ಮೂವರು ಹೋಗುವುದು ಹೀಗೆಯೇ. ಒಣಗಿದ ಮರದ ಕೋಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ತಂತಿಯನ್ನು ದೂಡಬೇಕು. ತೋಟದ ಸೀಮೆಯಲ್ಲಿ ಕೈಗೆ ಮೊದಲು ಸಿಗುವುದು ತೆಂಗಿನ ಗರಿಯ ದಂಟು. ಹಸಿಯಾಗಿದ್ದರೆ ಅದರೊಳಗೆಲ್ಲ ನೀರು, ಅದೂ ವಿದ್ಯುತ್ತನ್ನು ಹರಿಸುತ್ತದೆ. ಮೈಗೆ ನೀರೆರಚುವುದು, ಬಾಯಿಗೆ ನೀರು ಹಾಕುವುದು, ಕತ್ತಿನವರೆಗೆ ಮಣ್ಣಿನಲ್ಲಿ ಹೂಳುವುದು, ಇವು ಯಾವುದೂ ಆಯುರ್ವೇದವಲ್ಲ. ಮಣ್ಣಿನಲ್ಲಿ ಹೂತರೆ ಎದೆ ಒತ್ತಬೇಕಾದ ಅಮೂಲ್ಯ ನಿಮಿಷಗಳು ಮಣ್ಣುಪಾಲಾಗುತ್ತವೆ. ಕರೆದರೆ ಮಿಸುಕದೆ, ಉಸಿರಾಡದೆ ಇದ್ದರೆ ಅಥವಾ ಬಾಯಿ ಬಿಟ್ಟು ಎಳೆಎಳೆಯಾಗಿ ಏದುತ್ತಿದ್ದರೆ ಒಬ್ಬರು 108ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ಎದೆಯ ನಡುಭಾಗದಲ್ಲಿ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಎರಡು ಅಂಗುಲದಷ್ಟು ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಲೇ ಇರಬೇಕು. ಆಂಬ್ಯುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ದಣಿದರೆ ಕೈ ಬದಲಿಸಿಕೊಳ್ಳಬೇಕು. ವಿದ್ಯುತ್ತಿನಿಂದ ಹೃದಯ ನಿಂತವರು ಹೆಚ್ಚಾಗಿ ಅಲ್ಲಿಯವರೆಗೆ ಆರೋಗ್ಯವಾಗಿದ್ದವರು. ಕೂಡಲೇ ಎದೆ ಒತ್ತಿದರೆ ಬದುಕುವ ಸಾಧ್ಯತೆ ಇದೆ.

ಎದ್ದು ಕುಳಿತು ಮಾತಾಡಿದರೆಂದು ಮನೆಯಲ್ಲೇ ಉಳಿಸಿಕೊಳ್ಳುವುದೂ ಸರಿಯಲ್ಲ. ಪ್ರಜ್ಞೆ ತಪ್ಪಿದ್ದವರು, ಎದೆ ನೋವು ಅಥವಾ ಎದೆ ಹಾರುವುದು ಇರುವವರು, ಗರ್ಭಿಣಿಯರು, ಒಂದು ಕೈಯಿಂದ ಹೊಕ್ಕು ಇನ್ನೊಂದು ಕೈಯಿಂದ ವಿದ್ಯುತ್ತು ಹೊರಟವರು ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಅಂದೇ ಹೋಗಬೇಕು. ವಿದ್ಯುತ್ತಿನ ಸುಟ್ಟಗಾಯ ಹೊರಗೆ ಕಡಲೆಕಾಳಿನಷ್ಟಿದ್ದು ಒಳಗೆ ಮೊಣಕೈವರೆಗೆ ಮಾಂಸ ಬೆಂದಿರಬಹುದು. ಬೆಂದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಇಳಿದರೆ ಮೂತ್ರ ಕಡುಗಂದಾಗುತ್ತದೆ. ಅದು ತುರ್ತು ಸ್ಥಿತಿ. ತಿಂಗಳುಗಳ ನಂತರ ಕಣ್ಣಿಗೆ ಪೊರೆ ಬರುವುದೂ ಉಂಟು. ಜಾತ್ಯಾದಿ ತೈಲ, ಘೃತಗಳು ನಮ್ಮಲ್ಲಿ ಒಳ್ಳೆಯವೇ ಇವೆ. ಆದರೆ ಅವುಗಳ ಸರದಿ ಆಸ್ಪತ್ರೆಯಿಂದ ಮರಳಿದ ಮೇಲೆ, ಗಾಯ ಮಾಗುವ ಹಂತದಲ್ಲಿ. ಮೊದಲ ದಿನವೇ ನಮ್ಮ ಬಳಿಗೆ ಬಂದವರನ್ನು ನಾವು ಆಸ್ಪತ್ರೆಗೇ ಕಳುಹಿಸುತ್ತೇವೆ.

ಆರ್‌ಸಿಸಿಬಿ ಹಾಕಿಸಿದವರಿಗೆ ಕೊನೆಯ ಸೂಚನೆ. ಅದರ ಮುಖದ ಮೇಲೆ 'ಟಿ' ಅಕ್ಷರವಿರುವ ಚಿಕ್ಕ ಗುಂಡಿಯಿರುತ್ತದೆ. ತಿಂಗಳಿಗೊಮ್ಮೆ, ಬಾಡಿಗೆ ಕೊಡುವ ದಿನವೇ ಎಂದಿಟ್ಟುಕೊಂಡರೆ ಮರೆಯುವುದಿಲ್ಲ, ವಿದ್ಯುತ್ತು ಇರುವಾಗ ಅದನ್ನು ಒತ್ತಬೇಕು. ಟಪ್ಪೆಂದು ಬಿದ್ದರೆ ಸರಿಯಾಗಿದೆ; ಎತ್ತಿ ಹಾಕಿದರಾಯಿತು. ಬೀಳದಿದ್ದರೆ ಮಾಲೀಕರಿಗೆ ಅಂದೇ ತಿಳಿಸಿ ಬದಲಿಸಬೇಕು.